ಹುಣಸೆ ಬೀಜಕ್ಕೆ ಹತ್ತು ಕಾಯಿ

ನನ್ನ ಫೋನಿನಲ್ಲಿ ಎರಡು ಕೋಟಿ ಮೂವತ್ತು ಲಕ್ಷ ಇದೆ. ದುಡ್ಡಲ್ಲ, ಚಿಪ್ಸು, ಆಟಕ್ಕೆ ಕಟ್ಟುವ ಬಿಲ್ಲೆ. ಪೋಕರ್ ಆಟದ ಆ್ಯಪು ದಿನಾ ಬೆಳಿಗ್ಗೆ ತೆರೆದ ತಕ್ಷಣ ಒಂದಷ್ಟು ಪುಕ್ಕಟೆ ಕೊಡುತ್ತದೆ. ಎಲ್ಲ ಕಳೆದುಕೊಂಡರೆ ನಾಲ್ಕು ಗಂಟೆ ಬಿಟ್ಟು ಬನ್ನಿ, ಮತ್ತೆ ಕೊಡುತ್ತೇನೆ ಅನ್ನುತ್ತದೆ. ಇಷ್ಟು ಧಾರಾಳವಾಗಿ ನನ್ನೊಂದಿಗೆ ನಡೆದುಕೊಂಡವರು ನಂಟರಲ್ಲಿ ಯಾರೂ ಇಲ್ಲ, ಆದ್ದರಿಂದ ಮೊದಮೊದಲು ಅನುಮಾನವಾಗಿತ್ತು. ಎಲ್ಲಿಯೋ ಒಂದು ಕಡೆ ಬ್ಯಾಂಕಿನ ನಂಬರು ಕೇಳುತ್ತದೆ ಎಂದು ಕಾದೆ. ಕೇಳಲಿಲ್ಲ.

ನಾನು ಊರಿನ ಹಾಲಿನ ಡೈರಿಯಲ್ಲಿ ಟೆಸ್ಟರ್. ಬೆಳಿಗ್ಗೆ ಆರಕ್ಕೆ, ಸಂಜೆ ಐದಕ್ಕೆ. ಜನ ಹಾಲು ತಂದು ಹಾಕುತ್ತಾರೆ, ನಾನು ಲ್ಯಾಕ್ಟೋಮೀಟರ್ ಇಳಿಬಿಟ್ಟು ಹಾಲಿನ ಡಿಗ್ರಿ ನೋಡಿ ಬರೆದುಕೊಳ್ಳುತ್ತೇನೆ. ಹಾಲು ಹಾಕುವವರೆಲ್ಲ ಹೋದ ಮೇಲೆ ಹಾಲಿನ ಗಾಡಿ ಬರುವವರೆಗೆ ಮುಕ್ಕಾಲು ಗಂಟೆ ಸುಮ್ಮನೆ ಕೂರಬೇಕು. ಆ ಹೊತ್ತಿಗೆಂದು ಅಕ್ಕನ ಮಗಳು ಈ ಆಟ ಹಾಕಿಕೊಟ್ಟಳು. ಆಟ ಕಷ್ಟದ್ದೇನಲ್ಲ. ಕೈಗೆ ಎರಡು ಎಲೆ ಬರುತ್ತವೆ, ಅವನ್ನು ನಾನು ಮಾತ್ರ ನೋಡಬಹುದು. ನೆಲದ ಮೇಲೆ ಮೊದಲು ಮೂರು, ಆಮೇಲೆ ಒಂದೊಂದಾಗಿ ಇನ್ನೆರಡು, ಒಟ್ಟು ಐದು ಎಲೆ ಬೀಳುತ್ತವೆ, ಅವು ಎಲ್ಲರವೂ. ಕೈಯದ್ದು ನೆಲದ್ದು ಸೇರಿಸಿ ಯಾರ ಎಲೆ ದೊಡ್ಡದೋ ಅವರು ಗೆದ್ದರು, ಬಿಡಿ ಎಲೆಗಿಂತ ಜೋಡಿ ದೊಡ್ಡದು. ಇಲ್ಲವೇ, ಕೈಯಲ್ಲಿ ಏನೂ ಇಲ್ಲದಿದ್ದರೂ ಇರುವವರ ಹಾಗೆ ಜೋರಾಗಿ ಕಟ್ಟಿ, ಎದುರಿನವರು ಹೆದರಿ ಎಲೆ ಎಸೆಯುವಂತೆ ಮಾಡಿದರೂ ಗೆದ್ದಂತೆಯೇ. ಅದಕ್ಕೆ ಬ್ಲಫ್ ಎನ್ನುತ್ತಾರೆ.

ಪುಕ್ಕಟೆ ಚಿಪ್ಸಿನ ಆಟದಲ್ಲಿ ಈ ಎರಡನೆಯ ದಾರಿ ಮುಚ್ಚಿಹೋಗಿರುತ್ತದೆ. ಯಾರೂ ಹೆದರುವುದಿಲ್ಲ. ಹೆದರಲಿಕ್ಕೆ ಏನಿದೆ? ಕಳೆದರೆ ನಾಲ್ಕು ಗಂಟೆ. ಎಲ್ಲೋ ಯಾವುದೋ ಊರಿನಲ್ಲಿ ಕೂತ ಒಬ್ಬ ಬರೀ ಎರಡರ ಎಲೆ, ಏಳರ ಎಲೆ ಹಿಡಿದು ಇದ್ದಬದ್ದ ಚಿಪ್ಸನ್ನೆಲ್ಲ ಮುಂದಕ್ಕೆ ದಬ್ಬುತ್ತಾನೆ, ಇನ್ನೊಬ್ಬ ಅದಕ್ಕಿಂತ ಕಡೆಯ ಎಲೆ ಹಿಡಿದು ಅಷ್ಟನ್ನೇ ಇಟ್ಟು ಸರಿ ಎನ್ನುತ್ತಾನೆ. ಸೋತವನು ನಗುವ ಗೊಂಬೆ ಕಳಿಸಿ ಎದ್ದುಹೋಗುತ್ತಾನೆ. ನಾನು ಮಾಡಿದ್ದು ಇಷ್ಟೇ, ಒಳ್ಳೆಯ ಎಲೆ ಬರುವವರೆಗೆ ಸುಮ್ಮನೆ ಕೂತೆ. ಡೈರಿಯಲ್ಲಿ ಇಪ್ಪತ್ತೆರಡು ವರ್ಷ ಕೂತವಳಿಗೆ ಕೂರುವುದು ಕಲಿಸಬೇಕಾಗಿಲ್ಲ. ಹಾಗಾಗಿ ಎರಡು ಕೋಟಿ ಆಯಿತು. ಅದರಿಂದ ನಾನು ಜಾಣೆ ಎಂದು ಏನೂ ಸಾಬೀತಾಗುವುದಿಲ್ಲ, ಆದರೆ ನನಗೆ ಹಾಗೆ ಅನ್ನಿಸತೊಡಗಿತ್ತು.

ಇನ್ನು ಕಾಯಿಯ ವಿಷಯ. ನಮ್ಮದು ತುರುವೇಕೆರೆ ತಾಲ್ಲೂಕು, ದಂಡಿನಶಿವರದ ಕಡೆ. ಮನೆ ಊರಿನೊಳಗಿಲ್ಲ, ತೋಟದಲ್ಲಿದೆ. ನಮ್ಮ ಮನೆಯಲ್ಲಿ ಒಂದು ರೂಢಿ ಇದೆ. ಕುಡುಗೋಲು ಹಾಕಿ ಕಿತ್ತ ಕಾಯಿ ಮನೆಯದ್ದು, ತಾನಾಗಿ ಬಿದ್ದ ಕಾಯಿ ಮನೆಯ ಹೆಂಗಸಿನದ್ದು. ಬೆಳಿಗ್ಗೆ ಎದ್ದು ಬುಡದಲ್ಲಿ ಬಿದ್ದದ್ದನ್ನು ಆರಿಸಿ ತಂದು ಕೊಟ್ಟಿಗೆಯ ಅಟ್ಟದ ಒಂದು ಮೂಲೆಗೆ ಹಾಕಿದರೆ ಅದನ್ನು ಗಂಡಸರು ಮುಟ್ಟುವುದಿಲ್ಲ, ಎಣಿಸುವುದೂ ಇಲ್ಲ. ಎಷ್ಟಿದೆ ಎಂದು ಕೇಳುವುದೂ ಮರ್ಯಾದೆಯಲ್ಲ. ಮೊದಲು ಅದು ನಮ್ಮತ್ತೆಯದ್ದಾಗಿತ್ತು. ಮಂಡಿ ಹಿಡಿದುಕೊಂಡು ಏಣಿ ಹತ್ತುವುದು ನಿಂತ ವರ್ಷ, ನನ್ನನ್ನು ಕರೆದು, "ಇನ್ಮ್ಯಾಕೆ ಬಿದ್ದಿದ್ದು ನಿಂದು ಕಣವ್ವ" ಎಂದರು. ಅಷ್ಟರಲ್ಲಿ ಮುಗಿಯಿತು. ಅಟ್ಟದ ಮೇಲೆ ಸಿಪ್ಪೆಸಹಿತ ವರ್ಷ ಪೂರ್ತಿ ಬಿಟ್ಟರೆ ಒಳಗಿನ ನೀರು ಇಂಗಿ ತಿರುಳು ಉಂಡೆ ಕೊಬ್ಬರಿಯಾಗುತ್ತದೆ. ಸುಲಿಸಿ ಒಡೆಸುವವರೆಗೂ ಒಳಗೆ ಏನಾಗಿದೆ ಎಂದು ಯಾರಿಗೂ ಖಾತ್ರಿ ಇರುವುದಿಲ್ಲ.

ಈ ವರ್ಷ ಯುಗಾದಿಯ ಹೊತ್ತಿಗೆ ನನ್ನ ಮೂಲೆಯಲ್ಲಿ ಆರುನೂರ ನಲವತ್ತು ಕಾಯಿ ಇತ್ತು. ಅದು ನನ್ನ ಸ್ಕೂಟರು. ಮನೆಯಿಂದ ಡೈರಿಗೆ ಎರಡೂವರೆ ಕಿಲೋಮೀಟರು. ದಿನಕ್ಕೆ ಎರಡು ಸಲ ನನ್ನ ಗಂಡ ಬೈಕಿನಲ್ಲಿ ಬಿಡಬೇಕು, ಎರಡು ಸಲ ಕರೆತರಬೇಕು. ಅವರು ಬೇಡ ಎಂದದ್ದಿಲ್ಲ. ಆದರೆ ಕರೆಂಟು ಬಂದಾಗ ಮೋಟಾರ್ ಹಾಕಲು ಓಡುತ್ತಾರೆ, ಯಾರೋ ಸಿಕ್ಕರೆಂದು ಮಾತಿಗೆ ನಿಲ್ಲುತ್ತಾರೆ. ನಾನು ತಡವಾಗಿ ಹೋದರೆ ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರು ನನ್ನನ್ನು ನೋಡುವ ನೋಟ ಇದೆಯಲ್ಲ, ಅದು ನನ್ನ ಗಂಡನ ಕಡೆ ತಿರುಗುವುದಿಲ್ಲ. ತಿಪಟೂರಿನಲ್ಲಿ ಅಕ್ಕನ ಮಗಳ ಸ್ಕೂಟರಿನಲ್ಲಿ ಎರಡು ಭಾನುವಾರ ಓಡಿಸಿ ಕಲಿತಿದ್ದೆ. ನಲವತ್ತೆಂಟನೆಯ ವಯಸ್ಸಿನಲ್ಲಿ ಎಲ್‌ಎಲ್ ಲೈಸೆನ್ಸು ಮಾಡಿಸಿದ್ದೆ. ಆರುನೂರು ಕಾಯಿಯ ದುಡ್ಡಿಗೆ ಮುಂಗಡ ಸರಿಹೋಗುತ್ತದೆ, ಉಳಿದದ್ದನ್ನು ಡೈರಿ ಸಂಬಳದಲ್ಲಿ ತಿಂಗಳು ತಿಂಗಳು ಕಟ್ಟುವುದು ಎಂದು ಅಂಗಡಿಯವನ ಹತ್ತಿರ ಮಾತಾಡಿ ಬಂದಿದ್ದೆ. ಯುಗಾದಿ ಕಳೆದ ಮೇಲೆ ಸುಲಿಸುವುದೆಂದು ಗೊತ್ತುಮಾಡಿಕೊಂಡಿದ್ದೆ. ಬಣ್ಣ ಕೂಡ ಆರಿಸಿಯಾಗಿತ್ತು, ಬೂದಿ ಬಣ್ಣ. ಧೂಳು ಕಾಣುವುದಿಲ್ಲ.

ಯುಗಾದಿಯ ಮಾರನೆಯ ದಿನ ನಮ್ಮ ಕಡೆ ಗಂಡಸರು ಎಲೆ ಹಿಡಿಯದೆ ಇರುವುದಿಲ್ಲ. ವರ್ಷವೆಲ್ಲ ಇಸ್ಪೀಟು ಮುಟ್ಟದವರೂ ಅಂದು ಒಂದು ಕೈ ಆಡುತ್ತಾರೆ. ಆ ದಿನ ಅಕ್ಕ ಮತ್ತು ಭಾವ ತಿಪಟೂರಿನಿಂದ ಬಂದಿದ್ದರು. ಭಾವನದು ಕೊಬ್ಬರಿ ಮಂಡಿ. ಆಳು ಎತ್ತರ, ಮಾತು ಅದಕ್ಕಿಂತ ಎತ್ತರ. ಸಂಜೆ ಹೊತ್ತು ಕ್ಲಬ್ಬಿನಲ್ಲಿ ಮೂರೆಲೆ ಆಡುವವರು. ಕೆಟ್ಟವರಲ್ಲ. ನಮ್ಮ ತಂದೆ ಆಸ್ಪತ್ರೆಯಲ್ಲಿದ್ದಾಗ ಹನ್ನೊಂದು ದಿನ ಹಗಲೂ ರಾತ್ರಿ ಬಾಗಿಲಲ್ಲಿ ಕೂತಿದ್ದವರು ಅವರೇ. ಆದರೆ ನನ್ನನ್ನು ಮಾತಾಡಿಸುವುದು ಮಾತ್ರ ಅಕ್ಕನ ಮದುವೆಯ ದಿನ ನಾನು ಲಂಗ ಹಾಕಿಕೊಂಡು ಓಡಾಡುತ್ತಿದ್ದಾಗ ಹೇಗೆ ಮಾತಾಡಿಸಿದ್ದರೋ ಹಾಗೆಯೇ.

ಊಟ ಆಗಿ ನಡುಮನೆಯಲ್ಲಿ ಚಾಪೆ ಹಾಸಿತ್ತು. ಅತ್ತೆ ಗೋಡೆಗೊರಗಿ ಕೂತು ಹೊಸ ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದರು. ಭಾವ ಎಲೆ ಕಲೆಸುತ್ತ ಶುರುಮಾಡಿದರು.

"ಏನಮ್ಮಾ, ಎಷ್ಟಾಯ್ತು ನಿನ್ನ ಕೋಟಿ? ಅದ್ರಲ್ಲಿ ಒಂದು ಲೋಟ ಕಾಫಿ ಕೊಡ್ಸು ನೋಡಣ."

"ಎರಡು ಕೋಟಿ ಮೂವತ್ತು ಲಕ್ಷ ಆಯ್ತು ಭಾವ. ನಿಮ್ಮ ಮಂಡೀಲಿ ಅಷ್ಟಿದ್ಯಾ?"

ನನ್ನ ಗಂಡ ಜೋರಾಗಿ ನಕ್ಕರು. ಭಾವನೂ ನಕ್ಕು, "ಆಯ್ತು, ನಿನ್ನ ಆಟಾನೇ ಆಡಣ, ಹೇಳ್ಕೊಡು" ಎಂದರು. ನಾನು ಹೇಳಿಕೊಟ್ಟೆ. ಅತ್ತೆಯ ಮುಂದಿನ ರಾಶಿಯಿಂದ ಹುಣಸೆ ಬೀಜ ಬಾಚಿ ತಂದು ಮೂವರಿಗೂ ಸಮನಾಗಿ ಹಂಚಿದೆ. ಅಕ್ಕ ತನಗೆ ಬೇಡ ಎಂದು ಅತ್ತೆಯ ಪಕ್ಕ ಹುಣಸೆಹಣ್ಣಿಗೆ ಕೈ ಹಾಕಿ ಕೂತಳು.

ಮೊದಲ ಒಂದು ಗಂಟೆ ನನ್ನ ಫೋನಿನಲ್ಲಿ ಆಗುವುದೇ ಆಯಿತು. ನನ್ನ ಗಂಡ ಎಲೆ ನೋಡುವುದಕ್ಕೂ ಮೊದಲೇ ಬೀಜವನ್ನೆಲ್ಲ ಅಂಗೈಯಿಂದ ಮುಂದಕ್ಕೆ ತಳ್ಳುತ್ತಿದ್ದರು. ಭಾವ, "ನಾನ್ ಬುಟ್ಟೇನಾ" ಎಂದು ತಾವೂ ತಳ್ಳುತ್ತಿದ್ದರು. ಯಾರಾದರೂ ಎಲೆ ಎಸೆದರೆ ಉಳಿದವರು ಹೇಡಿ ಎಂದು ರೇಗಿಸುತ್ತಿದ್ದರು. ಬೀಜ ಮುಗಿದವರು ಅತ್ತೆಯ ರಾಶಿಗೆ ಕೈ ಚಾಚುತ್ತಿದ್ದರು. ನಾನು ಸುಮ್ಮನೆ ಕಾಯುತ್ತ ಕೂತು, ಒಳ್ಳೆಯ ಎಲೆ ಬಂದಾಗ ಮಾತ್ರ ಕಟ್ಟಿ, ನನ್ನ ಮುಂದೆ ಒಂದು ಗುಡ್ಡೆ ಮಾಡಿಕೊಂಡೆ. ಹುಣಸೆ ಬೀಜದ ಗುಡ್ಡೆ ನೋಡಿ ಅಷ್ಟು ಹೆಮ್ಮೆ ಪಡುವುದು ನಾಚಿಕೆಯ ವಿಷಯ, ಆದರೂ ಪಟ್ಟೆ.

"ಇದು ಆಟ ಅಲ್ಲ ಕಣಮ್ಮ," ಎಂದರು ಭಾವ. "ಒಲೆ ಹಚ್ದೆ ಅಡುಗೆ ಮಾಡ್ದಂಗೆ. ಏನಾರ ಇಟ್ಟು ಆಡು, ಆಗ ಗೊತ್ತಾಯ್ತದೆ ಯಾರ್ ಹೆಂಗೆ ಅಂತ."

"ಏನಿಡಣ?"

"ಅಟ್ಟದ ಮೇಲೆ ನಿಂದು ಎಷ್ಟೈತೆ?"

ನನ್ನ ಗಂಡ ತಲೆ ಬಗ್ಗಿಸಿದರು. ಆ ಪ್ರಶ್ನೆಯನ್ನು ಅವರು ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳಿದವರಲ್ಲ. ನಾನು ಆರುನೂರ ನಲವತ್ತು ಎಂದೆ. ಗಂಡನ ಎದುರಿಗೆ ಆ ಸಂಖ್ಯೆ ನನ್ನ ಬಾಯಿಂದ ಬಂದದ್ದು ಅದೇ ಮೊದಲು.

"ಒಂದು ಬೀಜಕ್ಕೆ ಹತ್ತು ಕಾಯಿ. ನಿಂದು ಅರವತ್ನಾಲ್ಕು ಬೀಜ, ನಂದೂ ಅಷ್ಟೇ. ಸೋತ್ರೆ ನಮ್ಮ ಗೋಡೌನಿಂದ ತಂದು ಹಾಕ್ತೀನಿ."

"ಬುಡಣ್ಣ, ಹಬ್ಬದ ದಿನ ಮನೇವ್ರ ಹತ್ರ ಎಂಥದ್ದು" ಎಂದರು ನನ್ನ ಗಂಡ. "ಅವರು ಕ್ಲಬ್ಬಲ್ಲಿ ಆಡಿ ಪಳಗಿದೋರು, ಸುಮ್ನಿರೇ" ಎಂದಳು ಅಕ್ಕ. ಅತ್ತೆ ಹುಣಸೆಹಣ್ಣಿನಿಂದ ಕಣ್ಣೆತ್ತದೆ, "ಅವಳ ಕಾಯಿ ಅವಳಿಷ್ಟ, ನೀವ್ಯಾಕೆ ಬಾಯಿ ಹಾಕ್ತೀರ?" ಎಂದರು. ಅತ್ತೆಯ ಮಾತು ಕೇಳಿ ನನಗೆ ಧೈರ್ಯ ಬಂತು ಎಂದು ಹೇಳಿದರೆ ಸುಳ್ಳಾಗುತ್ತದೆ. ಧೈರ್ಯ ಮೊದಲೇ ಇತ್ತು, ಎರಡು ಕೋಟಿಯದ್ದು. ಆಗಲಿ ಎಂದೆ.

ಆಟ ಅಲ್ಲಿಂದ ಬೇರೆಯಾಯಿತು. ಅದೇ ಚಾಪೆ, ಅದೇ ಎಲೆ, ಅದೇ ಬೀಜ. ನನ್ನ ಗಂಡ ಮನೆಯ ಕಾಯಿಯ ಲೆಕ್ಕದಲ್ಲಿ ಕೂತರು, ಆದರೆ ಬಂದ ಎಲೆಯನ್ನೆಲ್ಲ ಎಸೆಯತೊಡಗಿದರು. ಕೊನೆಗೆ, "ನನ್ನ ಕೈಲಾಗಕಿಲ್ಲಪ್ಪ, ನೀವಾಡಿ" ಎಂದು ಗೋಡೆಗೆ ಒರಗಿಬಿಟ್ಟರು. ಒಂದು ಗಂಟೆಯ ಹಿಂದೆ ನೋಡದೆಯೇ ಎಲ್ಲ ತಳ್ಳುತ್ತಿದ್ದ ಮನುಷ್ಯ. ಯಾರೂ ಯಾರನ್ನೂ ಹೇಡಿ ಅನ್ನಲಿಲ್ಲ. ನಾನು ಮನಸ್ಸಿನಲ್ಲೇ ನಾಲ್ಕು ಬೀಜ ಈಚೆ ಇಟ್ಟುಕೊಂಡೆ. ಸ್ಕೂಟರಿಗೆ ಅರವತ್ತು ಬೀಜ, ನಾಲ್ಕು ಆಟಕ್ಕೆ, ಅಷ್ಟು ಹೋದರೆ ಏಳುವುದು ಎಂದುಕೊಂಡೆ. ಇಂಥ ಗೆರೆ ಎಳೆದುಕೊಳ್ಳುವುದು ಸುಲಭ. ನಾಲ್ಕೈದು ಸಲ ಒಂದು ಗೆದ್ದು ಒಂದು ಸೋತು ಅದೇ ನಾಲ್ಕರ ಸುತ್ತ ಇದ್ದೆ.

ಆಮೇಲೆ ಕೈಗೆ ಎರಡು ರಾಜ ಬಂದವು. ಫೋನಿನಲ್ಲಿ ಆಗಿದ್ದರೆ ಗಾಡಿಯವನು ಹಾರ್ನ್ ಹೊಡೆದರೂ ಏಳುತ್ತಿರಲಿಲ್ಲ. ಎರಡು ಬೀಜ ಕಟ್ಟಿದೆ, ಭಾವನೂ ಎರಡು ಇಟ್ಟರು. ನೆಲಕ್ಕೆ ಒಂಬತ್ತು, ನಾಲ್ಕು, ಗುಲಾಮ ಬಿದ್ದವು. ಇನ್ನು ನಾಲ್ಕು ಕಟ್ಟಿದೆ, ಭಾವನೂ ನಾಲ್ಕು ಇಟ್ಟರು. ನನ್ನ ಗೆರೆ ದಾಟಿದ್ದು ಅಲ್ಲಿ, ದಾಟಿದಾಗ ಏನೂ ಅನ್ನಿಸಲಿಲ್ಲ. ಇನ್ನೊಂದು ಎಲೆ, ಕೆಲಸಕ್ಕೆ ಬಾರದ ಮೂರು. ಎಂಟು ಕಟ್ಟಿದೆ, ಅವರೂ ಎಂಟು ಇಟ್ಟರು. ಒಟ್ಟು ಹದಿನಾಲ್ಕು ಬೀಜ, ನೂರಾ ನಲವತ್ತು ಕಾಯಿ, ಚಾಪೆಯ ಮಧ್ಯಕ್ಕೆ ಹೋಗಿತ್ತು. ಕೊನೆಯ ಎಲೆ ಮಗುಚಿದಾಗ ಬಿದ್ದದ್ದು ಎಕ್ಕ.

ಭಾವನ ಕೈಯಲ್ಲಿ ಇನ್ನೊಂದು ಎಕ್ಕ ಇದ್ದರೆ ಅವರದು ಎಕ್ಕದ ಜೋಡಿ, ನಾನು ಮುಗಿದೆ. ಇಲ್ಲದಿದ್ದರೆ ಹೆಚ್ಚುಕಡಿಮೆ ನನ್ನ ರಾಜರ ಜೋಡಿಯೇ ದೊಡ್ಡದು. ಭಾವ ಎಕ್ಕವನ್ನು ನೋಡಿದರು. ನನ್ನ ಮುಂದೆ ಉಳಿದಿದ್ದ ಗುಡ್ಡೆಯನ್ನು ನೋಡಿದರು. ಆಮೇಲೆ ಐವತ್ತು ಬೀಜ ಎಣಿಸದೆ, ಅಂದಾಜಿನಲ್ಲಿ, ಎರಡೂ ಕೈಯಲ್ಲಿ ಮುಂದಕ್ಕೆ ನೂಕಿದರು. ನೂಕಿ, ನನ್ನತ್ತೆಯ ಕಡೆ ತಿರುಗಿ, "ಅಮ್ಮ, ನಿಮ್ಮ ಮಂಡಿನೋವು ಈಗೆಂಗೈತೆ? ಆ ಎಣ್ಣೆ ಹಚ್ತಾ ಇದೀರಾ?" ಎಂದರು.

ಇಲ್ಲಿ ನನ್ನ ಕೆಲಸದ ಒಂದು ಗುಟ್ಟು ಹೇಳಬೇಕು. ಹಾಲಿಗೆ ನೀರು ಬೆರೆಸಿ ತಂದವರನ್ನು ನಾನು ಡಿಗ್ರಿ ನೋಡುವುದಕ್ಕೆ ಮುಂಚೆಯೇ ಹಿಡಿಯುತ್ತೇನೆ. ಅವರು ಕ್ಯಾನು ಕೊಟ್ಟ ಕೂಡಲೇ ಬೇರೆ ಮಾತು ಎತ್ತುತ್ತಾರೆ. ನನ್ನ ನೆಗಡಿ ವಾಸಿಯಾಯಿತೇ, ನಮ್ಮ ಹಸು ಕರು ಹಾಕಿತೇ, ಮಗ ಪರೀಕ್ಷೆ ಹೇಗೆ ಬರೆದ. ಒಳ್ಳೆಯ ಹಾಲು ತಂದವರು ಮಾತಾಡುವುದಿಲ್ಲ, ಮೀಟರನ್ನೇ ನೋಡುತ್ತ ನಿಲ್ಲುತ್ತಾರೆ. ಭಾವ ನಮ್ಮತ್ತೆಯ ಮಂಡಿಯ ಬಗ್ಗೆ ಆವತ್ತು ಬೆಳಿಗ್ಗೆಯಿಂದ ಒಂದು ಮಾತೂ ಕೇಳಿರಲಿಲ್ಲ. ಅವರ ಕೈಯಲ್ಲಿ ಎಕ್ಕ ಇಲ್ಲ ಎನ್ನುವುದು ನನಗೆ ಗೊತ್ತಾಯಿತು. ಅನುಮಾನವಲ್ಲ, ಗೊತ್ತಾಯಿತು.

ಸರಿ ಎನ್ನಬೇಕು, ಅಷ್ಟೇ. ಬಾಯಿ ತೆರೆದೆ. ಕೈ ಬೀಜದ ಮೇಲಿತ್ತು. ಮರದ ಬುಡದಲ್ಲಿ ಇಬ್ಬನಿಯಲ್ಲಿ ಒದ್ದೆಯಾದ ಕಾಯಿಗಳು, ಬಗ್ಗಿ ಎತ್ತಿಕೊಂಡದ್ದು, ಒಂದೊಂದು ಕಂಕುಳಲ್ಲಿ ಇಟ್ಟು ಏಣಿ ಹತ್ತಿದ್ದು, ಬೂದಿ ಬಣ್ಣದ ಸ್ಕೂಟರು, ಎಲ್ಲ ಒಟ್ಟಿಗೆ ಬಂತು. ಗೊತ್ತಿರುವುದಕ್ಕೂ ಅದರ ಮೇಲೆ ಐನೂರು ಕಾಯಿ ಇಡುವುದಕ್ಕೂ ನಡುವೆ ಎಷ್ಟು ದೂರ ಎಂದು ಎರಡು ಕೋಟಿ ಗೆದ್ದರೂ ತಿಳಿದಿರಲಿಲ್ಲ. ಬೆವರು ಬೆನ್ನಲ್ಲಿ ಇಳಿಯಿತು. ನಾನು ಎರಡೂ ರಾಜರನ್ನು ಬೋರಲು ಹಾಕಿ ಅವರ ಕಡೆ ಸರಿಸಿ ಆಟ ಬಿಟ್ಟೆ.

ಭಾವ ತಮ್ಮ ಎಲೆ ಮಗುಚಿ ತೋರಿಸಿದರು. ಏಳು, ಎಂಟು. ಏನೂ ಇಲ್ಲ. ನನ್ನ ಗಂಡ ಅಯ್ಯೋ ಎಂದರು. ಭಾವ ತೊಡೆ ತಟ್ಟಿಕೊಂಡು ನಕ್ಕರು, ನಾನೂ ನಗಬೇಕೆಂದು ನೋಡಿದೆ, ಆಗಲಿಲ್ಲ.

ಅದನ್ನು ಅವರು ನೋಡಿದರು. ನಗು ನಿಲ್ಲಿಸಿ, ಮಧ್ಯದಲ್ಲಿದ್ದ ಬೀಜದಲ್ಲಿ ನನ್ನ ಪಾಲು ನನ್ನ ಕಡೆಗೆ ದೂಡಿ, ನನ್ನ ತಲೆ ಮುಟ್ಟಿ ಹೇಳಿದರು: "ಏ, ಬುಡಮ್ಮ. ತಮಾಷೆಗೆ ಆಡಿದ್ದು. ನಿನ್ನ ಕಾಯಿ ತಗೊಂಡೋಗಿ ನಾನೇನ್ಮಾಡ್ಲಿ? ನಿನ್ನದು ನಿನಗೇ ಇರ್ಲಿ."

ಅಕ್ಕ, "ನಂಗೊತ್ತಿತ್ತು, ಇವ್ರು ತಗೊಳಲ್ಲ ಅಂತ" ಎಂದಳು. ಮನೆಯಲ್ಲಿ ಎಲ್ಲರಿಗೂ ಉಸಿರು ಬಂದಂತಾಯಿತು. ನನಗೆ ಮಾತ್ರ ಸಿಟ್ಟು ಬಂತು. ಸೋತದ್ದಕ್ಕೆ ಬಂದ ಸಿಟ್ಟಲ್ಲ, ಸೋತದ್ದಕ್ಕೆ ಬೇಜಾರಿತ್ತು, ಅದು ಬೇರೆ. ಅವರು ಎಣಿಸದೆ ನೂಕಿದ್ದು ಯಾಕೆಂದು ಈಗ ಅರ್ಥವಾಯಿತು. ಗೋಡೌನಿನಲ್ಲಿ ಲಕ್ಷಗಟ್ಟಲೆ ಕಾಯಿ ಇರುವವರಿಗೆ ಐನೂರು ಎಂದರೆ ನಾಲ್ಕು ಗಂಟೆ ಬಿಟ್ಟು ಮತ್ತೆ ಸಿಗುವ ಚಿಪ್ಸು. ಗೆದ್ದರೆ ವಾಪಸ್ ಕೊಡುವುದೆಂದು ಮೊದಲೇ ಇತ್ತು ಅವರ ಮನಸ್ಸಿನಲ್ಲಿ. ಅಂದರೆ ಆ ಚಾಪೆಯ ಮೇಲೆ ನಿಜಕ್ಕೆ ಆಡಿದವಳು ನಾನೊಬ್ಬಳೇ. ಐನೂರು ಕಾಯಿಯ ಲೆಕ್ಕ, ಬೆವರಿದ ಬೆನ್ನು, ಎಲ್ಲ ಒಬ್ಬಳದೇ. ಈ ನೂರಾ ನಲವತ್ತನ್ನು ಅವರು ಕೊಟ್ಟರೆಂದು ತೆಗೆದುಕೊಂಡರೆ ಅಟ್ಟದಲ್ಲಿ ಉಳಿದ ಐನೂರೂ ಅವರು ಬಿಟ್ಟುಕೊಟ್ಟದ್ದೇ ಆಗುತ್ತದೆ ಎಂದು ನನಗೆ ತೋರಿತು. ಸ್ಕೂಟರಿಗೆ ಆರುನೂರು ಬೇಕು, ಐನೂರಕ್ಕೆ ಬರುವುದಿಲ್ಲ, ಅದೂ ಗೊತ್ತಿತ್ತು.

"ಕಾರಿನ ಡಿಕ್ಕಿ ತೆಗೀರಿ ಭಾವ, ಹಾಕ್ತೀನಿ" ಎಂದೆ.

ಭಾವ ಮತ್ತೆ ನಕ್ಕರು. ನನ್ನ ಮುಖ ನೋಡಿ ನಿಲ್ಲಿಸಿದರು. ಅಕ್ಕ ಎದ್ದು ಬಂದು ಕೈ ಹಿಡಿದು, ಹಬ್ಬದ ದಿನ ಇದೇನು ಹಟ, ಅವರಿಗೆ ಬೇಜಾರಾಗುತ್ತದೆ ಎಂದು ಮೆಲ್ಲಗೆ ಗದರಿದಳು. ಬೇಜಾರಾಗುವುದಾದರೆ ಆಗಲಿ, ನನಗೂ ಆಗಿದೆ ಎಂದೆ. ನಾನು ಕೊಟ್ಟಿಗೆಗೆ ಹೋಗಿ ಏಣಿ ಹತ್ತಿದೆ. ಯಾರೂ ಹಿಂದೆ ಬರಲಿಲ್ಲ. ಅಟ್ಟದ ಮೇಲೆ ಬಗ್ಗಿಯೇ ನಿಲ್ಲಬೇಕು, ಒಂದು ವರ್ಷದ ಧೂಳು ಮೂಗಿಗೆ ಬಂತು. ಕಾಯಿಗಳ ಮುಂದೆ ಕೂತೆ. ಅತ್ತೆನೆಂದು ಹೇಳಲೋ ಬೇಡವೋ, ಅಳು ಬಂದದ್ದು ನಿಜ. ಅದು ಎರಡು ನಿಮಿಷಕ್ಕಿಂತ ಹೆಚ್ಚಿರಲಿಲ್ಲ.

ಕೆಳಗಿನಿಂದ ದನಿ ಬಂತು. "ಒಂದೊಂದಾಗಿ ಬುಡವ್ವ, ನಾನ್ ಎಣಿಸ್ತೀನಿ." ಅತ್ತೆ ಮಂಡಿ ಹಿಡಿದುಕೊಂಡು ಏಣಿಯ ಬುಡಕ್ಕೆ ಬಂದು ಗೋಣಿಚೀಲ ಹರವಿ ಕೂತಿದ್ದರು. ನಾನು ಬಿಟ್ಟೆ. ಅವರು ಹಳೆಯ ಕಾಲದವರ ಹಾಗೆ ಮೊದಲನೆಯದಕ್ಕೆ ಒಂದು ಎನ್ನದೆ ಲಾಭ ಎಂದು ಶುರುಮಾಡಿ, ಎರಡು, ಮೂರು ಎಂದು ಮನೆಗೆಲ್ಲ ಕೇಳುವಂತೆ ಎಣಿಸಿದರು. ಇಪ್ಪತ್ತರ ಹೊತ್ತಿಗೆ ನನ್ನ ಗಂಡ ಬಂದು ಚೀಲಕ್ಕೆ ತುಂಬತೊಡಗಿದರು. ನನ್ನ ಮೂಲೆಯ ಕಾಯಿಗೆ ಅವರು ಕೈ ಹಚ್ಚಿದ್ದು ಅದೇ ಮೊದಲು. ಚೀಲ ತುಂಬಿದ ಹಾಗೆ ಅವರೇ ಹೊತ್ತುಕೊಂಡು ಹೋಗಿ ಕಾರಿಗೆ ಹಾಕಿದರು. ಡಿಕ್ಕಿ ತುಂಬಿ, ಹಿಂದಿನ ಸೀಟು ತುಂಬಿ, ಅಕ್ಕನ ಕಾಲ ಬಳಿ ಕೂಡ ಒಂದು ಚೀಲ ಇಡಬೇಕಾಯಿತು. ಭಾವ ಇಡೀ ಹೊತ್ತು ಜಗಲಿಯ ಮೇಲೆ ನಿಂತು ನೋಡುತ್ತಿದ್ದರು. ಹೊರಡುವಾಗ ಹೋಗಿ ಬರುತ್ತೇನೆ ಎಂದು ನಮ್ಮತ್ತೆಗೆ ಹೇಳಿದರು, ನನಗೆ ಹೇಳಲಿಲ್ಲ.

ಸಂಜೆ ನನ್ನ ಗಂಡ ಎಂದಿನಂತೆ ಡೈರಿಗೆ ಬಿಟ್ಟರು. ದಾರಿಯಲ್ಲಿ, "ಅವ್ರಾಗೇ ಕೊಟ್ರಲ್ಲ, ಇಸ್ಕೊಂಬುಡೋದಲ್ವೇನೇ?" ಎಂದು ಕೇಳಿದರು. ಹಾಲಿಗೆ ಹೊತ್ತಾಯಿತು, ಬೇಗ ಬಿಡಿ ಎಂದೆ. ನಾನು ಸರಿ ಎಂದು ಆಡಿ ಗೆದ್ದಿದ್ದರೆ ಭಾವನಿಂದ ಕಾಯಿ ತೆಗೆದುಕೊಳ್ಳುತ್ತಿದ್ದೆನೇ ಎಂದೂ ಯೋಚಿಸಿದೆ. ತೆಗೆದುಕೊಳ್ಳುತ್ತಿದ್ದೆ ಎಂದೇ ಅನ್ನಿಸುತ್ತದೆ, ಒಂದೂ ಬಿಡದೆ. ಅಂಗಡಿಯವನಿಗೆ ಫೋನ್ ಮಾಡಿ ಸ್ಕೂಟರು ಈ ಸಲ ಬೇಡ, ಮುಂದಿನ ವರ್ಷ ನೋಡೋಣ ಎಂದೆ. ಅವನು ಬಣ್ಣ ಸಿಗದೆ ಹೋಗಬಹುದು ಮೇಡಂ ಎಂದ.

ಭಾವನ ಕಡೆಯಿಂದ ಇಪ್ಪತ್ತು ದಿನ ಸುದ್ದಿಯಿಲ್ಲ. ಅಕ್ಕ ಮಾತ್ರ ಎರಡು ಸಲ ಫೋನ್ ಮಾಡಿ, ಇಬ್ಬರೂ ಒಂದೇ ಥರ, ನಿಮ್ಮ ನಡುವೆ ನಾನು ಸಿಕ್ಕಿಹಾಕಿಕೊಂಡೆ ಎಂದು ಬೈದಳು. ಆ ಕಾಯಿಗಳನ್ನು ಅವರು ಯಾರಿಗೋ ಹಂಚಿರಬೇಕು, ಇಲ್ಲವೇ ಹಾಗೆಯೇ ಮೂಲೆಗೆ ಹಾಕಿ ಮುಂದಿನ ಹಬ್ಬಕ್ಕೆ ಉಡುಗೊರೆಯ ನೆಪದಲ್ಲಿ ತಂದು ಸುರಿಯುತ್ತಾರೆ ಎಂದುಕೊಂಡಿದ್ದೆ. ಅದಕ್ಕೆ ಏನು ಹೇಳಬೇಕೆಂದು ಉತ್ತರವನ್ನೂ ತಯಾರು ಮಾಡಿಕೊಂಡಿದ್ದೆ.

ಒಂದು ಬೆಳಿಗ್ಗೆ ಹಾಲಿನ ಗಾಡಿಗೆ ಕಾಯುತ್ತ ಕೂತಿದ್ದಾಗ ಫೋನ್ ಬಂತು. ಭಾವ. ಹಿಂದೆ ಸುಲಿಯುವವರ ಸದ್ದು ಕೇಳಿಸುತ್ತಿತ್ತು. ಚೆನ್ನಾಗಿದ್ದೀಯಾ ಎಂದೂ ಕೇಳಲಿಲ್ಲ.

"ನಿನ್ನ ಕಾಯಿ ಒಡೆಸ್ದೆ. ನೂರಾ ನಲ್ವತ್ರಲ್ಲಿ ಹನ್ನೊಂದು ಕೊಳೆತಿತ್ತು."

ಅಟ್ಟದ ಕಾಯಿಯನ್ನು ಎಣಿಕೆಯ ಮೇಲೆ ಕೊಟ್ಟವರು ಕೊಳೆತದ್ದಕ್ಕೆ ಬದಲು ಕೊಡಬೇಕು. ನಮ್ಮ ಕಡೆ ಮಂಡಿಯವರಿಗೂ ತೋಟದವರಿಗೂ ನಡುವೆ ಅದು ಮಾತಾಡದೆಯೇ ನಡೆಯುವ ಪದ್ಧತಿ. ಅಪರಿಚಿತರ ಹತ್ತಿರ ಹಾಗೆ ನಡೆದುಕೊಳ್ಳುತ್ತಾರೆ. ಹೆಂಡತಿಯ ತಂಗಿಯ ಹತ್ತಿರ ಯಾರೂ ಕೇಳುವುದಿಲ್ಲ.

"ಅಂಗಾದ್ರೆ ಹನ್ನೊಂದು ನಾನು ಕಟ್ಕೊಡ್ಬೇಕು ಭಾವ" ಎಂದೆ.

ಅವರು ನಗುತ್ತಾರೆ ಎಂದು ಕಾದೆ. ಬುಡಮ್ಮ ಎನ್ನುತ್ತಾರೆ ಎಂದೂ ಕಾದೆ.

"ಹೂಂ. ಯಾವಾಗ ಕಳಿಸ್ತೀಯ?"

"ಶನಿವಾರ ಮಾರ್ಕೆಟ್ಟಿಗೆ ಬರೋರ ಗಾಡೀಲಿ."

"ಆಯ್ತು" ಎಂದು ಇಟ್ಟರು.

ಶುಕ್ರವಾರ ಅಟ್ಟ ಹತ್ತಿದೆ. ಒಂದೊಂದು ಕಾಯಿಯನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟು ಉರುಳುವ ಸದ್ದು ಚೆನ್ನಾಗಿ ಬಂದದ್ದನ್ನೇ ಆರಿಸಿದೆ. ಇರುವುದರಲ್ಲಿ ಒಳ್ಳೆಯದು ಹನ್ನೊಂದು. ಸ್ಕೂಟರಿಗೆ ಉಳಿದದ್ದು ನಾನೂರ ಎಂಬತ್ತೊಂಬತ್ತು. ಚೀಲದ ಬಾಯಿ ಕಟ್ಟುವಾಗ ನನಗೆ ಎಷ್ಟು ಸಂತೋಷವಾಗಿತ್ತೆಂದರೆ, ಏಣಿ ಇಳಿದು ಬಂದವಳ ಮುಖ ನೋಡಿ ಅತ್ತೆ, ಗೆದ್ದೇನವ್ವ ಎಂದು ಕೇಳಿದರು.